ಬೀಳದ ಕೊಡ

ಮಾಘಮಾಸದ ಇಬ್ಬನಿಯು ಚೌಡಿಕೆಗೆ ಹಗೆಯೆಂಬ ಸಂಗತಿಯನ್ನು ನಾನು ತಿಳಿದುಕೊಂಡದ್ದು ಯಾವ ಗ್ರಂಥದಿಂದಲೂ ಅಲ್ಲ; ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ, ಭರತ ಹುಣ್ಣಿಮೆಯ ಇರುಳು, ಯಾರೋ ಯಾತ್ರಿಕರು ಅಡುಗೆ ಮುಗಿಸಿ ಬಿಟ್ಟೆದ್ದ ಮೂರು ಕಲ್ಲಿನ ಒಲೆಯ ಮುಂದೆ ಕುಳಿತು, ತನ್ನ ವಾದ್ಯದ ತಳವನ್ನು ಕೆಂಡದ ಕಾವಿಗೆ ಹಿಡಿದು, ಎಳೆಗೂಸಿನ ಬೆನ್ನು ಕಾಸುವವಳಂತೆ ಮೆಲ್ಲಮೆಲ್ಲನೆ ತಿರುಗಿಸುತ್ತಿದ್ದ ವೃದ್ಧ ಜೋಗತಿಯೊಬ್ಬಳಿಂದ. ಆಕೆಯ ಹಣೆಯೆಲ್ಲ ಭಂಡಾರದಿಂದ ಹಳದಿಯಾಗಿತ್ತು, ಮಗ್ಗುಲಲ್ಲಿ ಎಲೆಸಂಚಿ, ಕೊರಳಲ್ಲಿ ಕೆಂಪು ಬಿಳಿ ಮಣಿಗಳ ಸರ.

"ಇಬ್ಬನಿ ಬಿತ್ತಂದ್ರ ತೊಗಲು ಸಡ್ಲ ಆಕ್ಕೈತಿ, ತಮ್ಮಾ. ದನಿ ಏಳಂಗಿಲ್ಲ. ಒಂದೀಟು ತಡಿ, ಕಾಸಿ ಬಾರಸ್ತೀನಿ" ಎಂದಳು. ನಾನು ತಡೆದೆ. ತಡೆದವನು ಬೆಳಗಿನ ಜಾವದವರೆಗೂ ಅಲ್ಲಿಂದ ಏಳಲಿಲ್ಲ.

ನಾನು ಹೋದದ್ದು ಈಕೆಯನ್ನು ನೋಡಲಿಕ್ಕೇನೂ ಅಲ್ಲ. ಬೈಲಹೊಂಗಲದ ಬಂಧುಗಳೊಬ್ಬರ ಮನೆಯವರು ದೇವಿಗೆ ನೈವೇದ್ಯದ ಪಡಲಿಗಿ ತುಂಬಿಸುವ ಹರಕೆ ಹೊತ್ತಿದ್ದರು. ಹೋಳಿಗೆ, ಕಡಬು, ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಬದನೆಕಾಯಿ ಪಲ್ಯಗಳ ಬುತ್ತಿಯೊಡನೆ ಹೊರಟ ಅವರ ಬಂಡಿಯಲ್ಲಿ ನನಗೂ ಒಂದು ಎಡೆ ದೊರೆತಿತ್ತು, ಅಷ್ಟೆ. ಜೊತೆಗೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಉದ್ಯೋಗದಲ್ಲಿರುವ ನನ್ನ ಸೋದರಳಿಯನೂ ಇದ್ದನು. ಎತ್ತುಗಳ ಕೊರಳ ಗಂಟೆ, ಕೋಡಿಗೆ ಕಟ್ಟಿದ ಬಣ್ಣದ ಗೊಂಡೆ, ಹಿಂದೆ ಮುಂದೆ ಮುಗಿಯದ ಬಂಡಿಗಳ ಸಾಲು, ನಡುನಡುವೆ ಟ್ರ್ಯಾಕ್ಟರುಗಳು, "ಉಧೋ ಉಧೋ" ಎಂಬ ಕೂಗು ಒಂದು ಬಂಡಿಯಿಂದೆದ್ದರೆ ಹತ್ತು ಬಂಡಿಗಳಿಂದ ಬರುವ ಮರುಕೂಗು: ಹೀಗೆ ಉಗರಗೋಳವನ್ನು ಹಾದು ಗುಡ್ಡವನ್ನು ಸೇರುವಷ್ಟರಲ್ಲಿ ಹುಣ್ಣಿಮೆಯ ಚಂದ್ರನು ಮೇಲೇರಿದ್ದನು.

ಗುಡ್ಡದ ವಿಸ್ತಾರವಾದ ಬಯಲಿನಲ್ಲಿ ಯಾತ್ರಿಕರು ಊರೂರಾಗಿ ಬೀಡುಬಿಡುವರು. ಒಂದೊಂದು ಬೀಡಿಗೆ ಒಂದೊಂದು ಅಂಗಳ, ಒಂದೊಂದು ಅಂಗಳಕ್ಕೆ ಒಂದೊಂದು ಮೇಳ. ಇಲ್ಲಿ ಡೊಳ್ಳಿನವರು ನೆಲ ನಡುಗುವಂತೆ ಹೆಜ್ಜೆಯಿಕ್ಕುತ್ತಿದ್ದರೆ, ಅಲ್ಲಿ ಕರಡಿ ಮಜಲಿನವರ ಸನಾದಿಯು ಇರುಳನ್ನು ಸೀಳುತ್ತಿರುವುದು. ಕೊಲ್ಲಾಪುರ ಸಾಂಗಲಿಗಳ ಕಡೆಯಿಂದ ಬಂದವರು ಮರಾಠಿಯಲ್ಲಿ ಅದೇ ತಾಯಿಯನ್ನು ಕರೆದು ಕುಣಿಯುತ್ತಿರುವರು. ಇನ್ನೊಂದೆಡೆ ಸೀರೆಯುಟ್ಟ ಜೋಗಪ್ಪಂದಿರ ನರ್ತನ, ಮತ್ತೊಂದೆಡೆ ಮುದುಕರ ಭಜನೆ. ಇವೆಲ್ಲವನ್ನೂ ಮೀರಿ, ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಪೆಟ್ಟಿಗೆಯ ಮೇಲೆ ಪೆಟ್ಟಿಗೆಯನ್ನೇರಿಸಿದ ಡಿಜೆಯ ಅಬ್ಬರಕ್ಕೆ ತರುಣರ ಗುಂಪೊಂದು ಧೂಳೆಬ್ಬಿಸುತ್ತಿತ್ತು. ಎರಡು ಅಂಗಳಗಳ ನಡುವೆ ನಿಂತವನ ಒಂದು ಕಿವಿಗೆ ಒಂದು ತಾಳ, ಇನ್ನೊಂದು ಕಿವಿಗೆ ಬೇರೊಂದು. ಹತ್ತು ಹೆಜ್ಜೆ ನಡೆದರೆ ಹಿಂದಿನದು ಅಳಿದು ಮುಂದಿನದು ಮೈಗೇರುವುದು.

"ಮಾಮಾ, ಬೆಂಗಳೂರಾಗ ಕ್ಲಬ್ ಅಂದ್ರ ಇದ ಅಲ್ರೀ!" ಎಂದು ಸೋದರಳಿಯನು ಉದ್ಗರಿಸಿದನು. ಅಲ್ಲಿನ ನೃತ್ಯಶಾಲೆಗಳ ರೀತಿಯನ್ನು ಅವನೇ ನನಗೆ ವಿವರಿಸಿದ್ದು: ಒಂದೇ ಕಟ್ಟಡ, ಹಲವು ಕೋಣೆಗಳು, ಕೋಣೆಗೊಂದು ಬಗೆಯ ಸಂಗೀತ, ಬೇಸರವಾದವನು ಪಕ್ಕದ ಕೋಣೆಗೆ ನಡೆಯುವುದು, ಬಾಗಿಲಲ್ಲಿ ಹಣ ತೆತ್ತವನ ಮುಂಗೈಗೆ ಒಂದು ಮುದ್ರೆ. ಅವನು ಹೀಗೆನ್ನುತ್ತಿರುವಾಗಲೇ ಅಪರಿಚಿತಳಾದ ಹೆಂಗಸೊಬ್ಬಳು ಒಂದು ಮುಷ್ಟಿ ಭಂಡಾರವನ್ನು ನಮ್ಮಿಬ್ಬರ ಹಣೆಗೂ ಬಳಿದು ಮುಂದೆ ಸಾಗಿದಳು. ನಮಗೂ ಮುದ್ರೆ ಬಿದ್ದಂತಾಯಿತು. ಹಣವನ್ನು ಮಾತ್ರ ಯಾರೂ ಕೇಳಲಿಲ್ಲ. ಸೋದರಳಿಯನು ಡಿಜೆಯ ಕಡೆಗೆ ನಡೆದನು; ನಾನು ಒಲೆಯ ಬೆಳಕಿನತ್ತ ತಿರುಗಿದೆನು.

ಚೌಡಿಕೆಯು ನೋಟಕ್ಕೆ ಅಷ್ಟೇನೂ ಗೌರವ ಹುಟ್ಟಿಸುವ ವಾದ್ಯವಲ್ಲ. ಕಾಳು ಅಳೆಯುವ ಕೊಳಗದಂತಹ ಮರದ ಪೊಳ್ಳು ಹೊಳವು. ಅದರ ತಳಕ್ಕೆ ಬಿಗಿದ ತೊಗಲು. ಪಕ್ಕಕ್ಕೆ ನೆಟ್ಟ ಒಂದು ಕೋಲು. ತೊಗಲಿನ ನಡುವಿನಿಂದ ಹೊರಟು ಕೋಲಿನ ತುದಿಯ ಬಿರಟೆಯನ್ನು ಸೇರುವ ಒಂದೇ ತಂತಿ. ಕಂಕುಳಲ್ಲಿ ಇರುಕಿಕೊಂಡು ಸಣ್ಣ ಕಡ್ಡಿಯಿಂದ ಮೀಟಿದರೆ ಅದು ತಾಳವನ್ನೂ ಹಾಕುವುದು, ಶ್ರುತಿಯನ್ನೂ ಹಿಡಿಯುವುದು. ಮೇಳದಲ್ಲಿ ಚೌಡಿಕೆಯವಳೇ ಮುಖ್ಯ ಗಾಯಕಿ, ತುಂತುಣಿಯವಳು ಶ್ರುತಿಗೂಡಿಸುವಳು, ತಾಳದವಳು ಸೊಲ್ಲು ಹಿಡಿಯುವಳು, ಕೊಡ ಹೊತ್ತವಳು ಕುಣಿಯುವಳು. ಮರ ಯಾವುದು, ತೊಗಲು ಹದಮಾಡುವ ಕ್ರಮವೇನು ಎಂದು ನಾನು ವಿಚಾರಿಸತೊಡಗಲು ಮುದುಕಿಗೆ ಬೇಸರ ಬಂದಿತು. "ಅದನ್ನ ಮಾಡಿಕೊಟ್ಟಾಂವ ಸತ್ತು ಹೋಗ್ಯಾನ. ನನಗ ಗೊತ್ತಿರೋದು ಬಾರ್ಸೂದು" ಎಂದು ಪ್ರಶ್ನೆಯನ್ನು ಅಲ್ಲಿಗೇ ಕಡಿದಳು. ಅದರ ಉತ್ಪತ್ತಿಯ ಕಥೆಯನ್ನಾದರೋ ಕೇಳದೆಯೇ ಹೇಳಿದಳು: ಪರಶುರಾಮನು ಒಬ್ಬ ರಾಕ್ಷಸನನ್ನು ಕೊಂದು, ಅವನ ದೇಹದಿಂದ ಹೊಳವನ್ನೂ ಕರುಳಿನಿಂದ ತಂತಿಯನ್ನೂ ಮಾಡಿ, ತಾಯಿಯ ಮುಂದೆ ಬಾರಿಸಿ ಆಕೆಯನ್ನು ಸಂತೈಸಿದನಂತೆ. ತಾಯಿಯ ತಲೆಯನ್ನೇ ಕಡಿದ ಮಗನು ಆಕೆಯನ್ನು ಸಂತೈಸಲು ಹೂಡಿದ ವಾದ್ಯವೆಂಬ ಕಲ್ಪನೆಯಲ್ಲಿರುವ ಕಾರುಣ್ಯವನ್ನು ನಮ್ಮ ಪುರಾಣಿಕರಿಗಿಂತ ಈ ನಿರಕ್ಷರ ಗಾಯಕಿಯರೇ ಹೆಚ್ಚು ಅರಿತವರೆಂದು ನನಗೆ ತೋರಿತು.

ಕಾವೇರಿದ ತೊಗಲಿನ ಮೇಲೆ ಬೆರಳಿನಿಂದ ಒಮ್ಮೆ ತಟ್ಟಿ ನೋಡಿ ಆಕೆ ತಲೆಯಾಡಿಸಿದಳು. ಆಗ ಮೇಳದ ನಡುವಯಸ್ಸಿನ ಜೋಗತಿಯೊಬ್ಬಳು ಎದ್ದು, ಸೆರಗನ್ನು ಸೊಂಟಕ್ಕೆ ಬಿಗಿದು, ತಲೆಯ ಮೇಲೆ ಬಟ್ಟೆಯ ಸಿಂಬೆಯನ್ನಿಟ್ಟು, ಅರಿಸಿನ ಮೆತ್ತಿ ಬೇವಿನ ಸೊಪ್ಪು ಕಟ್ಟಿದ ಹಿತ್ತಾಳೆಯ ಕೊಡವನ್ನು ಅದರ ಮೇಲೇರಿಸಿಕೊಂಡಳು. ಮೊದಲು ಬರಿಯ ಪಾದಗಳಷ್ಟೆ ಚಲಿಸಿದವು. ಬಳಿಕ ಮಂಡಿ, ಬಳಿಕ ನಡು, ಬಳಿಕ ತೋಳು. ಕೊರಳಿನಿಂದ ಕೆಳಗಿನ ದೇಹವೆಲ್ಲ ಬಿರುಗಾಳಿಗೆ ಸಿಕ್ಕಿದ ಜೋಳದ ದಂಟಿನಂತೆ ತೊನೆಯುತ್ತಿದ್ದರೂ ಕೊರಳಿನಿಂದ ಮೇಲಿನದು ಗರ್ಭಗುಡಿಯ ದೀಪದಂತೆ ನಿಶ್ಚಲವಾಗಿತ್ತು. ಕೊಡಕ್ಕೆ ಕೈಯಿಕ್ಕದೆ ಗಿರ್ರನೆ ತಿರುಗಿದಳು, ಮಂಡಿಯೂರಿದಳು, ಯಾರೋ ನೆಲಕ್ಕೆ ಹಾಕಿದ ಹತ್ತು ರೂಪಾಯಿಯ ನೋಟನ್ನು ಬಾಗಿ ಬಾಗಿ ಹಲ್ಲಿನಿಂದ ಎತ್ತಿಕೊಂಡಳು. ಬೇವಿನ ಎಲೆಗಳು ನಡುಗಿದವು, ಕೊಡವು ಕದಲಲಿಲ್ಲ.

ಈ ಕೊಡವೇಕೆಂಬುದನ್ನು ತಿಳಿಯಲು ರೇಣುಕೆಯ ಕಥೆಯನ್ನು ನೆನೆಯಬೇಕು. ಜಮದಗ್ನಿಯ ಪತ್ನಿಯು ದಿನದಿನವೂ ಮಲಪ್ರಭೆಗೆ ಹೋಗಿ, ಹಸಿಯ ಮರಳಿನಲ್ಲಿ ಕೊಡವನ್ನು ಮಾಡಿ, ಹಾವನ್ನು ಸಿಂಬೆಯಾಗಿ ಸುತ್ತಿ, ಪತಿಯ ಪೂಜೆಗೆ ನೀರು ತರುವಳು. ಒಂದು ದಿನ ಗಂಧರ್ವರ ಜಲಕ್ರೀಡೆಯು ಕಣ್ಣಿಗೆ ಬಿದ್ದು ಒಂದು ಕ್ಷಣ ಮನಸ್ಸು ಚಲಿಸಿತು. ಮರಳು ಕೊಡವಾಗಲಿಲ್ಲ, ಹಾವು ಸಿಂಬೆಯಾಗಲಿಲ್ಲ. ಋಷಿಯ ಕೋಪಕ್ಕೆ ಸಿಕ್ಕಿ, ಆ ಒಂದು ಕ್ಷಣಕ್ಕೆ ಮಗ ಪರಶುರಾಮನ ಕೈಯಿಂದ ತಲೆ ತೆತ್ತ ರೇಣುಕೆಯೇ ಎಲ್ಲಮ್ಮ. ಅಂದು ಒಂದು ನೋಟಕ್ಕೆ ಕುಸಿದ ಕೊಡವನ್ನು ಇಂದು ಈ ಜೋಗತಿಯರು ಸಾವಿರ ಜನರ ನೋಟದ ನಡುವೆ ಬೀಳಗೊಡದೆ ಕುಣಿಯುತ್ತಿರುವರು. ಇದು ಭಕ್ತಿಯೋ, ಪ್ರಾಯಶ್ಚಿತ್ತವೋ, ಋಷಿಯ ಕೋಪಕ್ಕೆ ಹೆಣ್ಣುಮಕ್ಕಳು ತಲೆತಲಾಂತರದಿಂದ ಕೊಡುತ್ತ ಬಂದಿರುವ ಉತ್ತರವೋ! ನಾನು ಕೇಳಲಿಲ್ಲ. ಮುದುಕಿಯು ಒಂದೇ ನಿಯಮವನ್ನು ಹೇಳಿದಳು: "ಕೊಡಾ ಇಳಿಯೂತನಕ ಯಾರೂ ಏಳಬಾರ್ದು."

ಇತಿಹಾಸವನ್ನು ಸಂಕ್ಷೇಪವಾಗಿ ಹೇಳಬಹುದು. ಸವದತ್ತಿಯು ಶಾಸನಗಳ ಸುಗಂಧವರ್ತಿ. ರಟ್ಟರು ಬೆಳಗಾವಿಗೆ ತೆರಳುವ ಮುನ್ನ ಆಳಿದ ರಾಜಧಾನಿ. ಗುಡ್ಡದ ಗುಡಿಯನ್ನು 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕನು ಕಟ್ಟಿಸಿದನೆಂದು ಹೇಳುವರು. ಜೋಗುಳಬಾವಿ, ಎಣ್ಣೆಹೊಂಡಗಳು ಇಂದಿಗೂ ಯಾತ್ರಿಕರ ಸ್ನಾನದ ತಾಣಗಳು. ರೇಣುಕೆಯ ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಎದ್ದು, ನಿಂತ ನೀರಿಗೆ ರೇಣುಕಾಸಾಗರವೆಂದು ಆಕೆಯ ಹೆಸರೇ ಬಂದಿದೆ. ಹೊಸ್ತಿಲ ಹುಣ್ಣಿಮೆಗೆ ದೇವಿಯ ವೈಧವ್ಯವೆಂದು ಬಳೆಯೊಡೆದುಕೊಳ್ಳುವ ಜೋಗತಿಯರು ಭರತ ಹುಣ್ಣಿಮೆಗೆ ಮತ್ತೆ ಬಳೆ ತೊಡುವರು. ಆದುದರಿಂದಲೇ ಇದು ಮುತ್ತೈದೆ ಹುಣ್ಣಿಮೆ, ಆದುದರಿಂದಲೇ ಈ ಇರುಳಿಗೆ ಇಷ್ಟು ಕುಣಿತ.

ಇಷ್ಟು ಹೇಳಿ, ಈ ನರ್ತನದ ಸೊಬಗಿನಲ್ಲಿ ಮೈಮರೆತು ಲೇಖನವನ್ನು ಮುಗಿಸಿದರೆ ಅದು ಅಪ್ರಾಮಾಣಿಕವಾದೀತು. ಈ ಕೊರಳುಗಳಲ್ಲಿರುವ ಮುತ್ತು ಕೇವಲ ಆಭರಣವಲ್ಲ. ಬಡತನಕ್ಕೆ, ಜಡೆಗಟ್ಟಿದ ಕೂದಲಿಗೆ, ರೋಗಕ್ಕೆ, ಗಂಡುಸಂತಾನವಿಲ್ಲದುದಕ್ಕೆ ಹೆದರಿದ ತಂದೆತಾಯಿಗಳು ಅರಿಯದ ಹುಡುಗಿಯರಿಗೆ ಮುತ್ತು ಕಟ್ಟಿಸಿ, ಅವರ ಬಾಳನ್ನು ಉಳ್ಳವರ ಭೋಗಕ್ಕೆ ಒಪ್ಪಿಸಿದ ಕಥೆ ಈ ನಾಡಿನದು. 1982ರಲ್ಲಿ ಕರ್ನಾಟಕವು ದೇವದಾಸಿ ಸಮರ್ಪಣವನ್ನು ನಿಷೇಧಿಸುವ ಶಾಸನವನ್ನು ಮಾಡಿತು. 1934ರಷ್ಟು ಹಿಂದೆಯೇ ಆಗಿನ ಮುಂಬಯಿ ಪ್ರಾಂತದಲ್ಲಿ ಅಂತಹ ಕಾನೂನೊಂದು ಬಂದಿತ್ತು. ನಿಷೇಧವು ನ್ಯಾಯವೇ, ಅದಕ್ಕೆ ಎರಡು ಮಾತಿಲ್ಲ. ಮುದುಕಿಯನ್ನು ಕೇಳಿದರೆ, "ನನಗ ಕಟ್ಟಿದಾಗ ನನಗೇನ ತಿಳೀತಿತ್ತು? ನನ್ನ ಮೊಮ್ಮಗಳು ಸಾಲಿ ಕಲಿಯಾಕತ್ತಾಳ. ಆಕಿ ಕೊಳ್ಳಾಗ ಏನೂ ಇಲ್ಲ" ಎಂದಳು. ಆ ಮಾತಿನಲ್ಲಿ ಹೆಮ್ಮೆಯಿತ್ತು. ಸ್ವಲ್ಪ ಹೊತ್ತು ಕಳೆದ ಮೇಲೆ ತಾನಾಗಿಯೇ, "ಹಾಡೂ ಬರಂಗಿಲ್ಲ ಆಕಿಗೆ" ಎಂದಳು. ಈ ಮಾತಿನಲ್ಲಿದ್ದುದು ಬೇರೆ.

ಬಂಧನ ಹೋಗಬೇಕು, ಹಾಡು ಉಳಿಯಬೇಕು. ಇದು ಅಸಾಧ್ಯವಲ್ಲವೆಂಬುದಕ್ಕೆ ಬಳ್ಳಾರಿಯ ಕಡೆಯ ಮಂಜಮ್ಮ ಜೋಗತಿಯವರೇ ನಿದರ್ಶನ. ಜೋಗತಿ ನೃತ್ಯವನ್ನು ಹರಕೆಯ ಅಂಗಳದಿಂದ ರಂಗಭೂಮಿಗೆ ತಂದ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ರಾಷ್ಟ್ರಪತಿಭವನದಲ್ಲಿ ಪದ್ಮಶ್ರೀ ಸ್ವೀಕರಿಸುವ ಮುನ್ನ, ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದುದನ್ನು ದೇಶವೆಲ್ಲ ನೋಡಿತು. ಶಿಗ್ಗಾವಿಯ ಬಳಿಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯವಿದೆ. ಪಕ್ಕದ ಕಿತ್ತೂರಿನಲ್ಲಿ ಪ್ರತಿವರ್ಷ ಅಕ್ಟೋಬರ್ 23ರಿಂದ ಚೆನ್ನಮ್ಮನ ವಿಜಯೋತ್ಸವ ನಡೆಯುವುದು. ಅಲ್ಲಿ ವೇದಿಕೆಯುಂಟು, ದೀಪವುಂಟು, ಕಲಾವಿದರಿಗೆ ಕರೆಯೋಲೆಯುಂಟು. ಆದರೆ ವೇದಿಕೆಯ ಗಡಿಯಾರಕ್ಕೂ ಕೊಡದ ನಿಯಮಕ್ಕೂ ಹೊಂದಿಕೆ ಕಷ್ಟ. ಅರ್ಧ ಗಂಟೆಯಲ್ಲಿ ಇಳಿಸೆಂದರೆ ಇಳಿಯುವ ಕೊಡವಲ್ಲ ಅದು.

ಗುಡ್ಡಕ್ಕೆ ಈಗ ಜನ ಕಡಿಮೆಯಾಗಿಲ್ಲ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸಿನ ಪ್ರಯಾಣ ಉಚಿತವಾದ ಮೇಲಂತೂ ಹೆಚ್ಚಿದೆ. ಕಡಿಮೆಯಾಗುತ್ತಿರುವುದು ಕೇಳುವ ಕಿವಿ. ನಡುರಾತ್ರಿಯ ಬಳಿಕ ಡಿಜೆಯ ಟ್ರ್ಯಾಕ್ಟರೊಂದು ನಮ್ಮ ಅಂಗಳದ ಪಕ್ಕಕ್ಕೇ ಬಂದು ನಿಂತಿತು. ಚೌಡಿಕೆಯ ಒಂಟಿ ತಂತಿಯು ಅದರ ಎದುರು ಎಷ್ಟು ಮಾಡೀತು? ಮುದುಕಿಯ ತುಟಿ ಚಲಿಸುತ್ತಿದ್ದುದು ಕಾಣುತ್ತಿತ್ತು, ಹಾಡು ಕೇಳುತ್ತಿರಲಿಲ್ಲ. ಕೊಡ ಹೊತ್ತವಳು ಮಾತ್ರ ಆಕೆಯ ಕಡ್ಡಿಯ ಚಲನೆಯನ್ನೇ ನೋಡುತ್ತ ಹೆಜ್ಜೆ ತಪ್ಪದೆ ಕುಣಿದಳು. ಗುಂಪು ಕರಗಿತು, ಎಂಟು ಹತ್ತು ಮಂದಿ ಉಳಿದೆವು. ಅವರಲ್ಲಿ, ಯಾವಾಗ ಬಂದನೋ, ಧೂಳಿನಿಂದ ಮುಖ ಕೆಂಪಾದ ನನ್ನ ಸೋದರಳಿಯನೂ ಇದ್ದನು. ಎದ್ದು ಹೋಗಿ ಟ್ರ್ಯಾಕ್ಟರಿನ ಹುಡುಗರೊಡನೆ ಏನನ್ನೋ ಮಾತನಾಡಿ ಅದನ್ನು ಮುಂದಕ್ಕೆ ಸಾಗಿಸಿಬಂದವನೂ ಅವನೇ.

ಈ ಕ್ಷೇತ್ರದ ಅಭಿವೃದ್ಧಿಗೆಂದು ಸರಕಾರವು ಯೋಜನೆಗಳನ್ನು ಹಾಕಿಕೊಂಡಿದೆ. ದಾರಿ, ನೀರು, ವಸತಿಗೃಹಗಳು ಆಗತಕ್ಕವೇ. ಅವುಗಳೊಡನೆ ಇನ್ನೊಂದು ಸಣ್ಣ ಕೆಲಸವಾಗಲಿ ಎಂಬುದು ನನ್ನ ಬಿನ್ನಹ: ಹುಣ್ಣಿಮೆಯ ಇರುಳುಗಳಲ್ಲಿ ಒಂದೇ ಒಂದು ಅಂಗಳವನ್ನು ಧ್ವನಿವರ್ಧಕವಿಲ್ಲದ ಅಂಗಳವೆಂದು ಗೊತ್ತುಮಾಡಿ ಚೌಡಿಕೆಯವರಿಗೆ ಬಿಟ್ಟುಕೊಡಬೇಕು, ಇಬ್ಬನಿಗೆ ಸಡಿಲಾದ ತೊಗಲನ್ನು ಕಾಸಿಕೊಳ್ಳಲು ಅಲ್ಲೊಂದು ಒಲೆಯಿರಬೇಕು. ಓದುಗರಿಗೂ ಒಂದು ಮಾತು. ಮುಂದಿನ ಭರತ ಹುಣ್ಣಿಮೆಗೆ ಗುಡ್ಡಕ್ಕೆ ಹೋದರೆ, ಯಾವ ಅಂಗಳದಲ್ಲಿ ಬೇಕಾದರೂ ಕುಣಿಯಿರಿ. ಚೌಡಿಕೆಯ ಮುಂದೆ ಕುಳಿತಿರಾದರೆ ಮಾತ್ರ, ಕೊಡ ಇಳಿಯುವ ತನಕ ಏಳಬೇಡಿರಿ.