ಎರಡು ನಿಮಿಷದ ಗಗನಯಾನ

ಒಂದು ಊರಿನಿಂದ ಮತ್ತೊಂದು ಊರಿಗೆ ಎಷ್ಟು ದೂರವೆಂಬ ಪ್ರಶ್ನೆಗೆ ಉತ್ತರವು ಒಂದೇ ಆಗಿರಬೇಕೆಂದು ಭಾವಿಸುವುದು ಸಹಜ. ಆದರೆ ನೆಲದ ಮೇಲೆ ನಡೆಯುವವನ ದೂರ ಬೇರೆ, ದೋಣಿಯಲ್ಲಿ ಸಾಗುವವನ ದೂರ ಬೇರೆ, ಗಗನಮಾರ್ಗದಲ್ಲಿ ಹೋಗುವವನ ದೂರ ಬೇರೆ. ಈ ಭೇದವನ್ನು ಅರಿಯಲು ಸ್ಕಾಟ್ಲೆಂಡಿನ ಉತ್ತರದಲ್ಲಿರುವ ಆರ್ಕ್ನಿ ದ್ವೀಪಸಮೂಹದ ವೆಸ್ಟ್ರೆ ಮತ್ತು ಪಾಪಾ ವೆಸ್ಟ್ರೆ ಎಂಬ ದ್ವೀಪಗಳು ಉತ್ತಮ ನಿದರ್ಶನಗಳಾಗಿವೆ.

ಭೂಮಿಯು ಗೋಲಾಕಾರವಾದುದರಿಂದ ಅದರ ಮೇಲಿನ ಎರಡು ಸ್ಥಳಗಳ ನಡುವಣ ಅತಿ ಹ್ರಸ್ವವಾದ ಹಾದಿಯು ಸರಳರೇಖೆಯಲ್ಲ. ಭೂಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ಮಹಾವೃತ್ತದ ಒಂದು ತುಂಡು. ವಿಮಾನ ನಿಲ್ದಾಣಗಳ ನಡುವಣ ದೂರವನ್ನು ಈ ಕ್ರಮದಿಂದಲೇ ಗಣಿಸುತ್ತಾರೆ. ಮೇಲೆ ಹೇಳಿದ ಎರಡು ನಿಲ್ದಾಣಗಳ ನಡುವೆ ಆ ದೂರ ಸುಮಾರು 2.7 ಕಿಲೋಮೀಟರು ಮಾತ್ರ. ದೊಡ್ಡ ನಗರಗಳ ವಿಮಾನ ನಿಲ್ದಾಣಗಳಲ್ಲಿ ಒಂದು ಓಡುದಾರಿಯೇ ಇದಕ್ಕಿಂತ ಉದ್ದವಾಗಿರುವುದುಂಟು!

1967ರಲ್ಲಿ ಲೋಗನ್‌ಏರ್ ಸಂಸ್ಥೆಯು ಈ ಮಾರ್ಗದಲ್ಲಿ ಸೇವೆಯನ್ನು ಆರಂಭಿಸಿತು. ವೇಳಾಪಟ್ಟಿಯಲ್ಲಿ ನಮೂದಾಗಿರುವ ಕಾಲ ಎರಡು ನಿಮಿಷ. ಗಾಳಿ ಅನುಕೂಲವಾಗಿದ್ದ ಒಂದು ದಿನ 53 ಸೆಕೆಂಡುಗಳಲ್ಲಿಯೇ ಈ ಯಾನ ಮುಗಿದಿತ್ತು. ಲೋಕದ ಅತ್ಯಂತ ಹ್ರಸ್ವವಾದ ನಿಗದಿತ ವಿಮಾನಯಾನವೆಂದು ಇದು ಪ್ರಸಿದ್ಧವಾಗಿದೆ.

ಇಲ್ಲಿ ಒಂದು ಗಣಿತವನ್ನು ಗಮನಿಸಬೇಕು. 2.7 ಕಿಲೋಮೀಟರನ್ನು ಎರಡು ನಿಮಿಷದಲ್ಲಿ ಕ್ರಮಿಸಿದರೆ ಸರಾಸರಿ ವೇಗ ಗಂಟೆಗೆ 81 ಕಿಲೋಮೀಟರು. 53 ಸೆಕೆಂಡುಗಳಲ್ಲಿ ಕ್ರಮಿಸಿದರೆ ಸುಮಾರು 183. ಇಲ್ಲಿ ಹಾರುವ ಐಲ್ಯಾಂಡರ್ ಎಂಬ ಎರಡು ಎಂಜಿನ್‌ಗಳ ಪುಟ್ಟ ವಿಮಾನವು ಇದಕ್ಕಿಂತಲೂ ವೇಗವಾಗಿ ಹೋಗಬಲ್ಲುದು. ಹಾಗಿದ್ದರೂ ಕಾಲವು ಏಕೆ ವ್ಯತ್ಯಾಸವಾಗುವುದು? ವಿಮಾನವು ಗಾಳಿಗೆ ಎದುರಾಗಿ ಏರಬೇಕು, ಗಾಳಿಗೆ ಎದುರಾಗಿಯೇ ಇಳಿಯಬೇಕು. ಗಾಳಿಯ ದಿಕ್ಕು ಮಾರ್ಗಕ್ಕೆ ಹೊಂದದಿದ್ದರೆ ವಿಮಾನವು ಸುತ್ತು ತಿರುಗಿ ಇಳಿಯಬೇಕಾಗುತ್ತದೆ. ಆದುದರಿಂದ ದೂರವನ್ನು ವೇಗದಿಂದ ಭಾಗಿಸಿದ ಮಾತ್ರಕ್ಕೆ ಯಾನದ ಕಾಲ ದೊರೆಯುವುದಿಲ್ಲ. ಮಾರ್ಗವು ಹ್ರಸ್ವವಾದಷ್ಟೂ ಏರುವ ಇಳಿಯುವ ಹೊತ್ತೇ ಪ್ರಧಾನವಾಗುತ್ತದೆ.

ಇಷ್ಟು ಅಲ್ಪ ದೂರಕ್ಕೆ ವಿಮಾನವೇಕೆಂದು ಕೆಲವರು ಕೇಳಬಹುದು. 2011ರ ಜನಗಣತಿಯಂತೆ ಪಾಪಾ ವೆಸ್ಟ್ರೆಯ ನಿವಾಸಿಗಳು 90 ಜನ, ವೆಸ್ಟ್ರೆಯವರು 588 ಜನ. ಎರಡರ ನಡುವೆ ಸೇತುವೆಯಿಲ್ಲ, ಸಮುದ್ರವಿದೆ. ದ್ವೀಪಸಮೂಹದ ಮುಖ್ಯ ಪಟ್ಟಣವಾದ ಕಿರ್ಕ್‌ವಾಲ್ ದಕ್ಷಿಣಕ್ಕೆ ಸುಮಾರು 44 ಕಿಲೋಮೀಟರು ದೂರದಲ್ಲಿದೆ. ಅಲ್ಲಿಂದ ಹೊರಟ ವಿಮಾನವು ಎರಡೂ ದ್ವೀಪಗಳನ್ನು ಮುಟ್ಟಿ ಬರುವಾಗ ಈ ಎರಡು ನಿಮಿಷದ ಯಾನ ಒದಗುತ್ತದೆ. ಉಪಾಧ್ಯಾಯರು, ವೈದ್ಯರು, ಚಿಕಿತ್ಸೆಗೆ ಹೋಗುವ ರೋಗಿಗಳು ಇದನ್ನು ಅವಲಂಬಿಸಿದ್ದಾರೆ. ಆದುದರಿಂದಲೇ ಇದು ಲಾಭವನ್ನು ಮಾತ್ರ ಎಣಿಸಿ ನಡೆಯುವ ವ್ಯಾಪಾರವಾಗಿರದೆ, ಸಾರ್ವಜನಿಕ ಧನಸಹಾಯದಿಂದ ನಡೆಯುವ ಸೇವೆಯಾಗಿದೆ.

ಪಾಪಾ ವೆಸ್ಟ್ರೆಯಲ್ಲಿ ಐದು ಸಾವಿರ ವರ್ಷಗಳಿಗೂ ಹಳೆಯದಾದ ಕಲ್ಲಿನ ಮನೆಗಳು ಇಂದಿಗೂ ನಿಂತಿವೆ. ಅವಕ್ಕೆ ನ್ಯಾಪ್ ಆಫ್ ಹೌವರ್ ಎಂದು ಹೆಸರು. ಇಷ್ಟು ಪುರಾತನವಾದ ನೆಲೆಯಲ್ಲಿ ಜನವಾಸವು ಮುಂದುವರಿಯಬೇಕಾದರೆ ವೈದ್ಯನೂ ಗುರುವೂ ಸಕಾಲದಲ್ಲಿ ಅಲ್ಲಿಗೆ ತಲುಪಬೇಕು. ಮಾರ್ಗದ ಉದ್ದವನ್ನು ಕಿಲೋಮೀಟರುಗಳಲ್ಲಿ ಅಳೆಯಬಹುದು. ಅದರ ಬೆಲೆಯನ್ನು ಅಳೆಯಬೇಕಾದುದು ಅದನ್ನು ನೆಚ್ಚಿ ಬದುಕುವವರ ಅಗತ್ಯದಿಂದ.