ಆಟ ಬಿಟ್ಟವರ ಬಿಡುವು ಎಲ್ಲಿ ಹೋಯಿತು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂತಹ ಊರುಗಳಿಗೂ ವಿಡಿಯೊ ಗೇಮ್ ಕಾಲಿಟ್ಟು ಮೂರು ದಶಕಗಳಾಗುತ್ತ ಬಂದವು. ತೊಂಬತ್ತರ ದಶಕದ ಬೇಸಿಗೆ ರಜೆಯಲ್ಲಿ ವಿಜಯಪುರದಿಂದಲೋ ಸೊಲ್ಲಾಪುರದಿಂದಲೋ ತಂದ ಅಗ್ಗದ ಯಂತ್ರವನ್ನು ಟಿ.ವಿ.ಗೆ ಜೋಡಿಸಿ, ಕ್ಯಾಸೆಟ್ ಸಿಕ್ಕಿಸಿ, ಮಾರಿಯೊನನ್ನು ಓಡಿಸಿದ, ‘ಕಾಂಟ್ರಾ’ದಲ್ಲಿ ಗುಂಡು ಹಾರಿಸಿದ ಹುಡುಗರು ಈಗ ನಲವತ್ತರ ಆಸುಪಾಸಿನಲ್ಲಿದ್ದಾರೆ. ಅವರಲ್ಲಿ ನಿಂಬೆ ತೋಟದ ಯಜಮಾನರಿದ್ದಾರೆ, ಪ್ರೌಢಶಾಲೆಯ ಶಿಕ್ಷಕರಿದ್ದಾರೆ, ಪುಣೆಯಲ್ಲಿ ದುಡಿದು ಹಬ್ಬಕ್ಕೆ ಮಾತ್ರ ಊರಿಗೆ ಬರುವವರಿದ್ದಾರೆ. ಈಗಲೂ ಆಡುತ್ತೀರಾ ಎಂದು ಕೇಳಿದರೆ ಬಹುತೇಕರು ನಗುತ್ತಾರೆ. ಆ ಆಸಕ್ತಿ ಎಂದೋ ಹೋಯಿತು ಎನ್ನುತ್ತಾರೆ.

ಇದನ್ನು ವಯಸ್ಸಿನ ಲಕ್ಷಣವೆಂದು ತೀರ್ಮಾನಿಸುವುದು ಸುಲಭ. ಬೆರಳಿನ ಚುರುಕು ತಗ್ಗುವುದೂ ಸುಳ್ಳಲ್ಲ. ‘ಸ್ಟಾರ್‌ಕ್ರಾಫ್ಟ್ 2’ ಎಂಬ ಕಂಪ್ಯೂಟರ್ ಆಟವಾಡುವ, 16ರಿಂದ 44 ವರ್ಷದೊಳಗಿನ 3,305 ಮಂದಿಯ ಆಟವನ್ನು ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿದರು. 2014ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ಪ್ರತಿಕ್ರಿಯೆಯ ವೇಗ 24ರ ವಯಸ್ಸಿನಿಂದಲೇ ಇಳಿಮುಖವಾಗುತ್ತದೆ. ಆದರೆ ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿದೆ: ಹಿರಿಯ ಆಟಗಾರರು ಸರಳ ತಂತ್ರಗಳಿಂದ ಈ ಕೊರತೆಯನ್ನು ತುಂಬಿಕೊಳ್ಳುತ್ತಾರೆ. ಎಂದರೆ, ಕೈ ನಿಧಾನವಾದ ಮಾತ್ರಕ್ಕೆ ಮನಸ್ಸು ಆಟದಿಂದ ಹಿಂದೆ ಸರಿಯಬೇಕಿಲ್ಲ. ಕಾರಣವನ್ನು ಬೇರೆಡೆ ಹುಡುಕಬೇಕು.

ಅದು ಆಟದ ರಚನೆಯಲ್ಲಿಯೇ ಇದೆ. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಆಟಗಾರನಿಗೆ ಮೂರು ಜೀವಗಳನ್ನು ಕೊಟ್ಟು ಆರಂಭವಾಗುತ್ತಿತ್ತು. ಆಡಿದಷ್ಟನ್ನು ಕಾಯ್ದಿಡುವ ವ್ಯವಸ್ಥೆ ಅದರಲ್ಲಿರಲಿಲ್ಲ. ಕರೆಂಟು ಹೋದರೆ ಆಟವೂ ಹೋಯಿತು. ಲೋಡ್ ಶೆಡ್ಡಿಂಗ್‌ನ ಆ ದಿನಗಳಲ್ಲಿ ನಮ್ಮ ಊರುಗಳಲ್ಲಿ ಆಟಕ್ಕೆ ಮಂಗಳ ಹಾಡುತ್ತಿದ್ದುದು ವಿದ್ಯುತ್ ಮಂಡಳಿ! ಆದರೂ ತಾಯಿ ಕರೆದರೆ ಗುಂಡಿ ಒತ್ತಿ ಆಟವನ್ನು ತಡೆದಿಟ್ಟು, ಗಿರಣಿಗೆ ಹೋಗಿ ಜೋಳ ಬೀಸಿಸಿಕೊಂಡು ಬಂದು ಮುಂದುವರಿಸಬಹುದಿತ್ತು. 2018ರಲ್ಲಿ ಬಂದು, 2020ರಲ್ಲಿ ನಿಷೇಧಕ್ಕೊಳಗಾಗಿ, ಮರುವರ್ಷ ಬೇರೆ ಹೆಸರಿನಲ್ಲಿ ಮರಳಿದ ಪಬ್ಜಿ ಅಂತಹದಲ್ಲ. ನೂರು ಜನ ಏಕಕಾಲಕ್ಕೆ ಇಳಿದು ಅರ್ಧ ಗಂಟೆಯವರೆಗೂ ನಡೆಸುವ ಆ ಕಾಳಗವನ್ನು ನಡುವೆ ತಡೆದಿಡಲು ಬಾರದು. ಇಂದಿನ ಎಷ್ಟೋ ಮೊಬೈಲ್ ಆಟಗಳಲ್ಲಿ ದಿನವೂ ಹಾಜರಾದವರಿಗೆ ಬಹುಮಾನ, ತಪ್ಪಿಸಿದವರಿಗೆ ನಷ್ಟ ಎಂಬ ಲೆಕ್ಕ ಬೇರೆ.

ತಂದೆಯ ಔಷಧಿ, ಮಗಳ ಶಾಲಾ ಶುಲ್ಕ, ಸೊಸೈಟಿಯ ಸಾಲದ ಕಂತು ಇವುಗಳ ನಡುವೆ ಓಡಾಡುವ ಮನುಷ್ಯನಿಗೆ, ಯಾರೂ ಕರೆಯದ ಅರ್ಧ ಗಂಟೆ ಎಲ್ಲಿಂದ ಬರಬೇಕು? ಕಚೇರಿಯಲ್ಲೊಂದು, ಮನೆಯಲ್ಲೊಂದು ಹಾಜರಿ ಇರುವಾಗ ಆಟದಲ್ಲಿ ಮೂರನೆಯ ಹಾಜರಿಯನ್ನು ಅವನೇಕೆ ಹಾಕಬೇಕು? ಆಸಕ್ತಿ ಹೋಯಿತೆಂದು ನಾವು ಹೇಳುವಾಗ ಎಷ್ಟೋ ಸಲ ಹೋಗಿರುವುದು ಬಿಡುವು.

ಇಷ್ಟಕ್ಕೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ಇಡೀ ಬಿಡುವು ಹೋದ ಮೇಲೂ ಅದರ ಚೂರುಗಳು ಉಳಿಯುತ್ತವೆ. ರಾತ್ರಿ ಪಾಳಿಯ ತ್ರೀಫೇಸ್ ಕರೆಂಟಿಗಾಗಿ ಹೊಲದಲ್ಲಿ ಕಾಯುವ ಹೊತ್ತು, ಬಸ್ ನಿಲ್ದಾಣದ ಹೊತ್ತು, ಆಸ್ಪತ್ರೆಯ ಬೆಂಚಿನ ಹೊತ್ತು. ಈ ಚೂರುಗಳ ಬೆಲೆಯನ್ನು ಚೆನ್ನಾಗಿ ಅರಿತವರು ಹಣದ ಆಟ ಕಟ್ಟಿದ ಕಂಪನಿಗಳು. ರಮ್ಮಿಯ ಒಂದು ಸುತ್ತಿಗೆ ಕೆಲವೇ ನಿಮಿಷ. ಕಾಲ್ಪನಿಕ ಕ್ರಿಕೆಟ್ ತಂಡ ಕಟ್ಟಲು ಪಂದ್ಯಕ್ಕೆ ಮುನ್ನ ಒಂದಿಷ್ಟು ಹೊತ್ತು ಸಾಕು. 2016ರಿಂದೀಚೆಗೆ ಡೇಟಾ ಅಗ್ಗವಾಯಿತು. ಅದೇ ವರ್ಷ ಬಂದ ಯುಪಿಐ, ಬ್ಯಾಂಕಿನಲ್ಲಿದ್ದ ಹಣವನ್ನು ಬೆರಳ ತುದಿಗೆ ತಂದಿತು. ಮಾರಿಯೊನನ್ನು ಹುಡುಗಾಟಿಕೆಯೆಂದು ಬಿಟ್ಟವರಲ್ಲಿ ಕೆಲವರು ಇದನ್ನು ಗಳಿಕೆಯೆಂದು ಹಿಡಿದರು. ಮೂರು ಜೀವ ಕಳೆದುಕೊಂಡ ಹುಡುಗ ಮತ್ತೆ ಮೊದಲಿನಿಂದ ಆಡುತ್ತಿದ್ದ. ಬೀಜ, ಗೊಬ್ಬರಕ್ಕೆಂದು ತೆಗೆದಿಟ್ಟ ಹಣ ಕಳೆದುಕೊಂಡವನಿಗೆ ಆ ಅನುಕೂಲವಿಲ್ಲ.

ಇಂತಹ ಆಟಗಳನ್ನು ತಡೆಯಲು ರಾಜ್ಯ 2021ರಲ್ಲಿ ತಂದ ನಿಷೇಧ, 2022ರ ಫೆಬ್ರುವರಿಯಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋಯಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ ಒಪ್ಪಿಗೆ ನೀಡಿತು. ಇದು ಸ್ವಾಗತಾರ್ಹ. ಆದರೆ ಕಾನೂನು ಜೂಜನ್ನು ತಡೆಯಬಲ್ಲದೇ ಹೊರತು, ಅದು ಹೊಕ್ಕು ಕುಳಿತಿದ್ದ ಖಾಲಿ ಜಾಗವನ್ನು ತುಂಬಲಾರದು.

ಹೊಣೆ ಹೊತ್ತವರಿಗೂ ಆಟ ಬೇಕೆಂಬುದನ್ನು ನಮ್ಮ ಸೀಮೆ ಅರಿಯದೆ ಇರಲಿಲ್ಲ. ಕಾರಹುಣ್ಣಿಮೆಯಂದು ಎತ್ತು ಓಡಿಸಿ ಕರಿ ಹರಿಯುವವರು ಸಂಸಾರ ನಡೆಸುವ ರೈತರೇ. ನಾಗರ ಪಂಚಮಿಗೆ ತವರಿಗೆ ಬಂದ ಹೆಣ್ಣುಮಗಳು, ಮಕ್ಕಳ ತಾಯಿಯಾದರೂ, ಜೋಕಾಲಿ ಜೀಕುತ್ತಾಳೆ. ಜಾತ್ರೆ ಬಂದರೆ ಕುಸ್ತಿ, ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ. ಸುಗ್ಗಿ ಮುಗಿದರೆ ಬಯಲಾಟ. ಅಂದು ಇಂಡಿ ತಾಲ್ಲೂಕಿನಲ್ಲಿದ್ದ ಹಳಸಂಗಿಯ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಗ್ರಹವನ್ನು ನೆನೆಯಬೇಕು. ಬೀಸುತ್ತ, ಕುಟ್ಟುತ್ತ, ತೊಟ್ಟಿಲು ತೂಗುತ್ತ ಹಾಡಿಕೊಂಡ ಹೆಂಗಸರಿಗಿಂತ ಹೆಚ್ಚಿನ ಹೊರೆ ಮನೆಯಲ್ಲಿ ಯಾರಿಗಿತ್ತು? ಹಳೆಯದೆಲ್ಲವೂ ಚಿನ್ನವಲ್ಲ, ನಿಜ. ಜಾತ್ರೆಯಲ್ಲಿ ಇಸ್ಪೀಟಿನ ಜೂಜೂ ಇತ್ತು. ಕುಸ್ತಿಯ ಅಖಾಡ ಗಂಡಸರದಷ್ಟೇ ಆಗಿತ್ತು. ಆದರೆ ಆ ಆಟಗಳಿಗೆ ಎರಡು ಗುಣಗಳಿದ್ದವು. ಅವು ಪಂಚಾಂಗದಲ್ಲಿ ತಮ್ಮ ದಿನ ಕಾದಿರಿಸಿಕೊಂಡಿದ್ದವು. ನಾಲ್ಕು ಜನರ ಕಣ್ಣೆದುರು ನಡೆಯುತ್ತಿದ್ದವು. ಕಾಲದ ಮಿತಿ ಹಬ್ಬದಿಂದ ಬರುತ್ತಿತ್ತು, ನಡತೆಯ ಮಿತಿ ಊರಿನಿಂದ. ಅಂಗೈಯೊಳಗಿನ ಆಟಕ್ಕೆ ಈ ಎರಡೂ ಇಲ್ಲ. ಆದ್ದರಿಂದಲೇ ಸಂಸಾರಸ್ಥ ಅದನ್ನು ಪೂರ್ತಿ ಬಿಡುತ್ತಾನೆ, ಇಲ್ಲವೇ ಗುಟ್ಟಾಗಿ ಅದರಲ್ಲಿ ಮುಳುಗುತ್ತಾನೆ.

ಹಾಗೆಂದು ಬೀಸುಕಲ್ಲಿಗೆ ಮರಳಬೇಕಿಲ್ಲ. ವಿಡಿಯೊ ಗೇಮನ್ನು ಶತ್ರುವೆಂದೂ ಬಗೆಯಬೇಕಿಲ್ಲ. ಭಾನುವಾರ ಸಂಜೆಯ ಒಂದು ಗಂಟೆಯನ್ನು ಆಟಕ್ಕೆಂದೇ ಮನೆಮಂದಿಗೆಲ್ಲ ತಿಳಿಸಿ ತೆಗೆದಿಡಬಹುದು. ಮಗನ ಪಕ್ಕದಲ್ಲಿ ಕುಳಿತು, ಅವನ ಆಟದಲ್ಲಿ ಸೋತು, ನಗಬಹುದು. ತಾಲ್ಲೂಕು ಕ್ರೀಡಾಂಗಣ ಬರೀ ಶಾಲಾ ಮಕ್ಕಳ ಕ್ರೀಡಾಕೂಟಕ್ಕಲ್ಲ. ಸಂಜೆ ಅಲ್ಲಿ ದೀಪ ಉರಿದರೆ ಹಿರಿಯರೂ ವಾಲಿಬಾಲ್ ಆಡಿಯಾರು. ದಿನವಿಡೀ ಮನೆವಾರ್ತೆಯಲ್ಲಿರುವ ಗೃಹಿಣಿಗೆ ಈ ಒಂದು ಗಂಟೆ ಮೊದಲು ಸಲ್ಲಬೇಕು. ಗಂಡನಿಗೆ ಸಿಗುವ ಚೂರುಗಳೂ ಆಕೆಗೆ ಸಿಗುವುದಿಲ್ಲ.

ದೊಡ್ಡವರಾಗುವುದೆಂದರೇನು ಎಂಬುದನ್ನು ಮಕ್ಕಳು ನಮ್ಮನ್ನು ನೋಡಿಯೇ ಕಲಿಯುತ್ತಾರೆ. ದುಡಿಮೆ ಮತ್ತು ದಣಿವು, ನಡುವೆ ಮೊಬೈಲಿನಲ್ಲಿ ಒಂದಿಷ್ಟು ಪಣ, ಇಷ್ಟೇ ಬದುಕು ಎಂದು ಅವರಿಗೆ ತೋರಿದರೆ, ತಮ್ಮ ಆಟವನ್ನು ಬಿಟ್ಟು ಬೇಗ ದೊಡ್ಡವರಾಗಿ ಎಂದು ಅವರಿಗೆ ಹೇಳುವ ನೈತಿಕ ಹಕ್ಕು ನಮಗೆಲ್ಲಿದೆ?