ಗಂಟಲಿಗಿಳಿಯುವ ಅಲಗು, ಏರುವ ರಕ್ತದೊತ್ತಡ

ಕಳೆದ ಅಡಕೆ ಕೊಯ್ಲಿನ ದಿನಗಳಲ್ಲಿ ಶೆಟ್ಟಿಕೊಪ್ಪದ ಕಡೆಯ ಹಿರಿಯರೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆಗೆಂದು ಶಿವಮೊಗ್ಗಕ್ಕೆ ಹೋದವರನ್ನು ಅರಿವಳಿಕೆ ತಜ್ಞರು ಹಿಂದಕ್ಕೆ ಕಳುಹಿಸಿದ್ದರು. "ಬೆಳಿಗ್ಗೆ ಏನೂ ತಿನ್ನಬೇಡಿ ಅಂದಿದ್ದರಲ್ಲ, ಬಿ.ಪಿ. ಮಾತ್ರೆಯನ್ನೂ ಬಿಟ್ಟೆ. ಅಳೆದರೆ ಇನ್ನೂರರ ಮೇಲಿತ್ತಂತೆ. ಕೊಯ್ಯುವುದು ಹೊಟ್ಟೆ, ಬಿ.ಪಿ. ಗೊಡವೆ ಅವರಿಗೇಕೆ ಡಾಕ್ಟ್ರೇ?" ಎಂಬುದು ಅವರ ಅಸಮಾಧಾನ.

ಕೊಯ್ಯುವುದು ಹೊಟ್ಟೆಯನ್ನೇ ಆದರೂ ಹೃದಯಕ್ಕೆ ಮೊದಲ ಪರೀಕ್ಷೆ ನಡೆಯುವುದು ಗಂಟಲಿನಲ್ಲಿ. ಪೂರ್ಣ ಅರಿವಳಿಕೆಯಲ್ಲಿ ಉಸಿರಾಟದ ಸ್ನಾಯುಗಳೂ ಸಡಿಲಗೊಳ್ಳುವುದರಿಂದ ಶ್ವಾಸನಾಳದೊಳಗೆ ಕೊಳವೆ ಇಳಿಸಿ ಉಸಿರು ಕೊಡಬೇಕಾಗುತ್ತದೆ. ಆ ದಾರಿ ಕಾಣುವಂತೆ ನಾಲಿಗೆಯನ್ನು ಎತ್ತಿ ಹಿಡಿಯುವ, ದೀಪವುಳ್ಳ ಉಪಕರಣವೇ ಲಾರಿಂಗೋಸ್ಕೋಪ್. ಗಂಟಲಿನಲ್ಲಿ ನರಗಳ ತುದಿಗಳು ದಟ್ಟವಾಗಿವೆ. ರೋಗಿಗೆ ಎಚ್ಚರವಿಲ್ಲದಿದ್ದರೂ ಮೆದುಳಿನ ಕಾಂಡಕ್ಕೆ ಸುದ್ದಿ ಮುಟ್ಟುತ್ತದೆ; ಅಡ್ರಿನಲಿನ್ ವರ್ಗದ ದ್ರವ್ಯಗಳು ರಕ್ತಕ್ಕೆ ಸೇರಿ ನಾಡಿಯೂ ರಕ್ತದೊತ್ತಡವೂ ಕೆಲವೇ ಸೆಕೆಂಡುಗಳಲ್ಲಿ ಏರತೊಡಗುತ್ತವೆ. ಒಂದೆರಡು ನಿಮಿಷಗಳಲ್ಲಿ ತುದಿ ಮುಟ್ಟಿ, ಸಾಮಾನ್ಯವಾಗಿ ಐದು-ಹತ್ತು ನಿಮಿಷಗಳಲ್ಲಿ ಇಳಿಯುತ್ತವೆ. ಆರೋಗ್ಯವಂತರಿಗೆ ಇದು ಬಂದು ಹೋಗುವ ಅಲೆ. ಒತ್ತಡ ಹತೋಟಿಯಲ್ಲಿಲ್ಲದವರಿಗೆ, ಹೃದಯದ ರಕ್ತನಾಳ ಕಿರಿದಾದವರಿಗೆ, ಮೆದುಳಿನ ರಕ್ತನಾಳ ಉಬ್ಬಿದವರಿಗೆ ಅದೇ ಅಲೆ ಪ್ರಾಣಕ್ಕೆ ಕುತ್ತು ತರಬಲ್ಲದು.

ಈ ಉಪಕರಣದ ಅಲಗುಗಳಲ್ಲಿ ಭೇದಗಳಿವೆ. ಅಮೆರಿಕದ ಮಿಲ್ಲರ್ ಅವರದು 1941ರ ನೇರ ಅಲಗು. ಆಕ್ಸ್‌ಫರ್ಡಿನ ಮ್ಯಾಕಿಂಟಾಷ್ ಅವರದು 1943ರ ಬಾಗಿದ ಅಲಗು. ಅನ್ನ ನುಂಗುವಾಗ ಶ್ವಾಸಮಾರ್ಗವನ್ನು ಮುಚ್ಚುವ ಎಲೆಯಂಥ ಮುಚ್ಚಳವೊಂದಿದೆ, ಎಪಿಗ್ಲಾಟಿಸ್ ಎಂದು ಅದರ ಹೆಸರು. ನೇರ ಅಲಗು ಇದರ ಅಡಿಗೆ ಹೊಕ್ಕು ಇದನ್ನೇ ಎತ್ತುತ್ತದೆ. ಆ ಅಡಿಭಾಗದ ಸಂವೇದನೆ ವೇಗಸ್ ನರದ್ದು. ಬಾಗಿದ ಅಲಗಿನ ತುದಿಯಾದರೋ ನಾಲಿಗೆಯ ಬುಡದ ಕುಳಿಯಲ್ಲಿ ಕೂರುತ್ತದೆ, ಮುಚ್ಚಳ ತಾನಾಗಿ ಮೇಲೇಳುತ್ತದೆ. ಆದ್ದರಿಂದ ಬಾಗಿದ್ದೇ ಸೌಮ್ಯವೆಂದು ಎಣಿಸಲಾಗಿತ್ತು. ಪರೀಕ್ಷಿಸಿ ನೋಡಿದವರ ಫಲಿತಾಂಶಗಳು ಮಾತ್ರ ಒಂದೇ ಬಗೆಯಾಗಿ ಬಂದಿಲ್ಲ. ಹಸುಗೂಸುಗಳಲ್ಲಿ ಮುಚ್ಚಳ ಉದ್ದವೂ ಮೆದುವೂ ಆಗಿರುವುದರಿಂದ ನೇರ ಅಲಗನ್ನೇ ಬಳಸುವುದುಂಟು. ಅಲ್ಲಿ ವೇಗಸ್ ನರ ಕೆರಳಿ ನಾಡಿ ಏರುವುದರ ಬದಲು ಇಳಿದುಬಿಡಬಹುದು. 1993ರ ಹೊತ್ತಿಗೆ ಬಂದ ಮೆಕಾಯ್ ಅಲಗಿನ ತುದಿ ಕೀಲಿನಿಂದ ಬಾಗುತ್ತದೆ. ಎತ್ತುವ ಬಲ ಕಡಿಮೆ ಸಾಕಾಗಿ ಒತ್ತಡದ ಏರಿಕೆಯೂ ಕಡಿಮೆಯಿರುವುದು ಕಂಡುಬಂದಿದೆ. ಕ್ಯಾಮೆರಾ ಇರುವ ವಿಡಿಯೊ ಲಾರಿಂಗೋಸ್ಕೋಪಿಗೂ ಹೆಚ್ಚು ಬಲ ಬೇಡ, ಆದರೆ ಕೊಳವೆ ಇಳಿಸಲು ತಡವಾದರೆ ಆ ಲಾಭ ಕರಗುತ್ತದೆ. ಕೊಳವೆ ಶ್ವಾಸನಾಳವನ್ನು ಸೋಕಿದಾಗಿನ ಕೆರಳಿಕೆಯನ್ನಂತೂ ಯಾವ ಅಲಗೂ ತಪ್ಪಿಸಲಾರದು. ಅಲಗಿನ ಹೆಸರಿಗಿಂತ ಎಷ್ಟು ಬಲ, ಎಷ್ಟು ಹೊತ್ತು ಎಂಬುದೇ ಮುಖ್ಯವೆಂದು ನಮಗನ್ನಿಸುತ್ತದೆ. ಹದಿನೈದು ಸೆಕೆಂಡಿನೊಳಗೆ ಕೆಲಸ ಮುಗಿಸುವ, ಕೈಗೆ ಪಳಗಿದ ಅಲಗೇ ಲೇಸು. ಏರಿಕೆಯನ್ನು ತಗ್ಗಿಸಲು ಮುಂಚಿತವಾಗಿ ಕೊಡುವ ಔಷಧಗಳೂ ತಜ್ಞರ ಬಳಿ ಇವೆ.

ಗಂಟಲಲ್ಲಿ ಸಿಕ್ಕಿದ್ದನ್ನು ನೋಡಲು ಹತ್ತು ಅಂಗುಲದ ನಾಡೀಯಂತ್ರವನ್ನು ಅಷ್ಟಾಂಗಹೃದಯದ ಯಂತ್ರವಿಧಿ ಅಧ್ಯಾಯವು ಹೇಳುತ್ತದೆ. ಅದನ್ನೇ ಲಾರಿಂಗೋಸ್ಕೋಪ್ ಎನ್ನುವುದು ಅತಿಶಯೋಕ್ತಿ. ಅದನ್ನು ನಾವು ಒಪ್ಪುವುದಿಲ್ಲ.

ನಮ್ಮ ಮಲೆನಾಡಿಗೆ ಇನ್ನೊಂದು ತೊಡಕು ಅಡಕೆ. ದೀರ್ಘಕಾಲ ಅಗಿದವರಲ್ಲಿ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ತೆರೆಯುವುದು ಕಿರಿದಾಗುತ್ತದೆ. ಆಗ ಯಾವ ಅಲಗಿಗೂ ಎಡೆಯಿಲ್ಲ. ಯತ್ನಗಳು ಹೆಚ್ಚಿದಷ್ಟೂ ಒತ್ತಡ ಏರುತ್ತದೆ. ಮೊದಲೇ ತಿಳಿದಿದ್ದರೆ ತಜ್ಞರು ಮೂಗಿನ ಮೂಲಕ ಬಾಗುವ ದರ್ಶಕವನ್ನು ಇಳಿಸುವಂತಹ ಬೇರೆ ದಾರಿ ಸಿದ್ಧಪಡಿಸಿಕೊಳ್ಳುತ್ತಾರೆ. ಆದುದರಿಂದ ಶಸ್ತ್ರಚಿಕಿತ್ಸೆಗೆ ಹೋಗುವ ಭಕ್ತರು ಅಡಕೆ, ತಂಬಾಕುಗಳ ಅಭ್ಯಾಸವನ್ನು ಸಂಕೋಚವಿಲ್ಲದೆ ತಿಳಿಸಬೇಕು. ನಮ್ಮಂಥವರು ಕೊಟ್ಟ ಕಷಾಯ, ಚೂರ್ಣಗಳನ್ನೂ ಮುಚ್ಚಿಡಬಾರದು. ಒತ್ತಡದ ಮಾತ್ರೆಗಳಲ್ಲಿ ಕೆಲವನ್ನು ಅಂದು ಬೆಳಿಗ್ಗೆಯೂ ಗುಟುಕು ನೀರಿನಲ್ಲಿ ನುಂಗಬೇಕು, ಕೆಲವನ್ನು ಬಿಡಬೇಕು. ಯಾವುದು ಯಾವುದೆಂದು ಅರಿವಳಿಕೆ ತಜ್ಞರನ್ನೇ ಕೇಳಿ ಬರೆಸಿಕೊಳ್ಳಿರಿ.

ಆ ಹಿರಿಯರಿಗೆ ಬಾಯಿ ತೆರೆದು ತಮ್ಮದೇ ಮೂರು ಬೆರಳುಗಳನ್ನು ನಿಲುವಾಗಿ ಹಲ್ಲುಗಳ ನಡುವೆ ಇಡಲು ಹೇಳಿದೆವು. ಎರಡೇ ಹಿಡಿದವು. ಅದನ್ನೂ ಚೀಟಿಯಲ್ಲಿ ಬರೆದು, ಅರಿವಳಿಕೆ ತಜ್ಞರಿಗೆ ತೋರಿಸುವಂತೆ ಹೇಳಿ ಕಳುಹಿಸಿದೆವು.